ಬೋರ್ಡ್ ಮೇಲಿನ ಆ ಅಂಕಿ ಯಾರದ್ದು? ಹೊಸದುರ್ಗದ ರಸ್ತೆಯಲ್ಲಿ ನಿಂತು ಕೇಳಿದ ಪ್ರಶ್ನೆ

ಕಳೆದ ವರ್ಷ ಹೊಸದುರ್ಗದಿಂದ ಬೆಂಗಳೂರಿಗೆ ಬೈಕಿನಲ್ಲಿ ಹೋಗಿದ್ದೆ. ನಾಲ್ಕು ಪಥದ ಹೆದ್ದಾರಿ ಹತ್ತಿದ ಮೇಲೆ ಒಂದು ಕಡೆ 100 ಅಂತ ಬೋರ್ಡು ಕಂಡಿತ್ತು. ನನ್ನ ಹಳೇ ಗಾಡಿ ನೂರು ಮುಟ್ಟೋದೇ ಕಷ್ಟ, 88ರಲ್ಲಿ ಹೋಗ್ತಾ ಇದ್ದೆ. ವಾರ ಕಳೆದ ಮೇಲೆ ಮೊಬೈಲಿಗೆ ಮೆಸೇಜು ಬಂತು. ಅತಿವೇಗ, ಸಾವಿರ ರೂಪಾಯಿ ದಂಡ.

ನೂರರ ರಸ್ತೆಯಲ್ಲಿ 88ಕ್ಕೆ ದಂಡ ಹೇಗೆ? ಮನೆಗೆ ಬಂದಾಗ ಚಿಕ್ಕಪ್ಪನ ಮುಂದೆ ಕೂಗಾಡಿದೆ. ಅವರು ಇಪ್ಪತ್ತು ವರ್ಷದಿಂದ ನಮ್ಮ ಕಡೆ ಖಾಸಗಿ ಬಸ್ಸು ಓಡಿಸೋರು. ನಕ್ಕು, "ನೂರು ಕಾರಿಗೆ ಕಣಪ್ಪ, ಬೈಕಿಗೆ ಎಂಬತ್ತು" ಅಂದ್ರು.

"ಚಿಕ್ಕಪ್ಪ, ಇದನ್ನ ಯಾರು ಹೇಳಿದ್ದು?"

"ಯಾರು ಹೇಳ್ತಾರೆ? ದಂಡ ಕಟ್ಟಿ ಕಲಿತಿದ್ದು."

ತಪ್ಪು ನನ್ನದೇ, ದಂಡ ಕಟ್ಟಿದೆ. ಆದರೆ ಚಿಕ್ಕಪ್ಪನ ಆ ಮಾತು ತಲೆಯಲ್ಲೇ ಉಳಿಯಿತು. ವೇಗದ ಮಿತಿ ಅಂದರೆ ಸರ್ಕಾರ ನಮ್ಮ ಮೇಲೆ ಹಾಕುವ ಒಂದು ನಿರ್ಬಂಧ. ಅದನ್ನು ಯಾರು, ಯಾವ ಲೆಕ್ಕದಲ್ಲಿ ತೀರ್ಮಾನ ಮಾಡ್ತಾರೆ? ನಮಗೆ ಹೇಳಬೇಕಾದವರು ಯಾರು? ಹುಡುಕುತ್ತಾ ಹೋದಾಗ ಗೊತ್ತಾಗಿದ್ದು ಇಷ್ಟು: ಪ್ರಶ್ನೆ ಹೆದ್ದಾರಿಯ ನೂರರದ್ದಲ್ಲ. ನಮ್ಮೂರ ಗೇಟಿನಲ್ಲಿ ರಸ್ತೆ ದಾಟುವವರ ಜೀವದ್ದು.

ಅಂಕಿ ಹುಟ್ಟೋದು ದೆಹಲಿಯಲ್ಲಿ

1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಮು ವೇಗಮಿತಿಯ ಮೂಲ. ಅದರ ಪ್ರಕಾರ ಪ್ರತಿ ಬಗೆಯ ವಾಹನಕ್ಕೂ ಕೇಂದ್ರ ಸರ್ಕಾರ ಒಂದು ಗರಿಷ್ಠ ಮಿತಿ ಗೊತ್ತುಮಾಡುತ್ತದೆ. ಯಾವ ರಾಜ್ಯವೂ ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಕೆಳಗಿಳಿಸಬಹುದು.

ಈಗ ಬಳಕೆಯಲ್ಲಿರುವ ಅಂಕಿಗಳು 2018ರ ಏಪ್ರಿಲ್ 6ರ ಕೇಂದ್ರ ಅಧಿಸೂಚನೆಯವು. ನಮಗೆ ಬೇಕಾದಷ್ಟನ್ನು ಇಲ್ಲಿ ಕೊಡ್ತೀನಿ, ಫೋನಿನಲ್ಲಿ ಇಟ್ಟುಕೊಳ್ಳಿ.

- ಕಾರು: ಎಕ್ಸ್‌ಪ್ರೆಸ್‌ವೇಯಲ್ಲಿ 120, ಮಧ್ಯೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ 100, ಪುರಸಭೆ ವ್ಯಾಪ್ತಿಯ ರಸ್ತೆಯಲ್ಲಿ 70, ಉಳಿದ ರಸ್ತೆಗಳಲ್ಲಿ 70.
- ಬಸ್ಸು: ಕ್ರಮವಾಗಿ 100, 90, 60, 60.
- ಲಾರಿ ಮತ್ತಿತರ ಸರಕು ವಾಹನ: 80, 80, 60, 60.
- ಬೈಕು: ನಾಲ್ಕು ಪಥದಲ್ಲಿ 80, ಪುರಸಭೆ ರಸ್ತೆ ಮತ್ತು ಉಳಿದ ಕಡೆ 60.
- ಆಟೋ: ಓಡಾಡಲು ಬಿಡುವ ಕಡೆಯೆಲ್ಲ 50.

ಈ ಅಂಕಿಗಳ ಬಗ್ಗೆ ಜಗಳವೂ ನಡೆದಿದೆ. 2021ರಲ್ಲಿ ಮದ್ರಾಸ್ ಹೈಕೋರ್ಟು, ಹೀಗೆ ಮಿತಿ ಏರಿಸಿದ್ದು ಸರಿಯಲ್ಲ ಅಂತ 2018ರ ಅಧಿಸೂಚನೆಯನ್ನೇ ರದ್ದು ಮಾಡಿ, ಕಡಿಮೆ ಮಿತಿ ಗೊತ್ತುಮಾಡಲು ಹೇಳಿತ್ತು. ಆದರೂ ನಮ್ಮ ರಾಜ್ಯದ ಹೆದ್ದಾರಿಗಳಲ್ಲಿ ಕಾರಿಗೆ 100 ಅಂತ ಹಿಡಿದು ದಂಡ ಹಾಕುವುದು ಇದೇ ಲೆಕ್ಕದಲ್ಲಿ.

ಈಗ ಆ ಪಟ್ಟಿಯ ಮೂರನೇ ಅಂಕಿಯನ್ನು ಇನ್ನೊಮ್ಮೆ ನೋಡಿ. ಪುರಸಭೆ ರಸ್ತೆ, ಕಾರಿಗೆ 70. ಹೊಸದುರ್ಗ ಒಂದು ಪುರಸಭೆ. ಅಂದರೆ ಬೇರೆ ಆದೇಶ ಇಲ್ಲದ ಕಡೆ, ನಮ್ಮ ಪೇಟೆಯೊಳಗೆ, ಶಾಲೆ ಮುಂದೆ, ಸಂತೆ ದಿನ ತರಕಾರಿ ಮೂಟೆ ಇಳಿಸುವ ಜಾಗದಲ್ಲಿ ಕಾರು 70ರಲ್ಲಿ ಹೋದರೂ ವೇಗಮಿತಿ ಮೀರಿದ ಹಾಗಲ್ಲ. ಅಲ್ಲಿ 70ರಲ್ಲಿ ಹೋಗುವುದು ಅಜಾಗರೂಕತೆ ಅಂತ ಬೇರೆ ಕಲಮಿನಲ್ಲಿ ಕೇಸು ಹಾಕಬಹುದು, ಅದು ಬೇರೆ ಮಾತು.

ಗೆಜೆಟ್ಟೂ ಬೇಕು, ಬೋರ್ಡೂ ಬೇಕು

ಹಾಗಾದರೆ ಮಿತಿ ಇಳಿಸುವವರು ಯಾರು? 112ನೇ ಕಲಮಿನ ಎರಡನೇ ಭಾಗ ಅದನ್ನು ರಾಜ್ಯ ಸರ್ಕಾರಕ್ಕೆ, ಅಥವಾ ರಾಜ್ಯ ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ ಬಿಟ್ಟಿದೆ. ಸಾರ್ವಜನಿಕರ ಸುರಕ್ಷತೆ, ಅನುಕೂಲ, ಇಲ್ಲವೇ ರಸ್ತೆಯ ಅಥವಾ ಸೇತುವೆಯ ಸ್ವರೂಪ, ಇವುಗಳ ಕಾರಣಕ್ಕೆ ಮಿತಿ ಇಳಿಸಬಹುದು. ಆದರೆ ಎರಡು ಕೆಲಸ ಆಗಬೇಕು. ಒಂದು, ಗೆಜೆಟ್‌ನಲ್ಲಿ ಅಧಿಸೂಚನೆ. ಎರಡು, 116ನೇ ಕಲಮಿನ ಪ್ರಕಾರ ಸೂಕ್ತ ಜಾಗದಲ್ಲಿ ಬೋರ್ಡು. ಒಂದು ತಿಂಗಳಿಗಿಂತ ಹೆಚ್ಚು ಇರದ ತಾತ್ಕಾಲಿಕ ನಿರ್ಬಂಧಕ್ಕೆ ಮಾತ್ರ ಅಧಿಸೂಚನೆ ಬೇಡ.

ಜಿಲ್ಲೆಗಳಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧ ಹಾಕುವಾಗ ಜಿಲ್ಲಾಧಿಕಾರಿಗಳ ಆದೇಶದಲ್ಲಿ 1989ರ ಕರ್ನಾಟಕ ಮೋಟಾರು ವಾಹನ ನಿಯಮಾವಳಿಯ 221(ಎ) ನಿಯಮದ ಹೆಸರು ಕಾಣಿಸುತ್ತದೆ. ಮಳೆಗಾಲದಲ್ಲಿ ಘಾಟಿ ರಸ್ತೆ ಬಂದ್ ಆದಾಗ ಪತ್ರಿಕೆಯಲ್ಲಿ ಬರುತ್ತಲ್ಲ, ಅದೇ. ಅಂದರೆ ಬೆಂಗಳೂರಿಗೇ ಹೋಗಿ ಕೂರಬೇಕಾಗಿಲ್ಲ, ಚಿತ್ರದುರ್ಗದ ಜಿಲ್ಲಾಡಳಿತದ ಮಟ್ಟದಲ್ಲೇ ಕೆಲಸ ಶುರುವಾಗಬಹುದು.

ಕಾನೂನು ಗೆಜೆಟ್ ಜೊತೆಗೆ ಬೋರ್ಡನ್ನೂ ಕೇಳುವುದು ಸುಮ್ಮನೆ ಅಲ್ಲ. ಗಾಡಿ ಓಡಿಸುವವನು ಗೆಜೆಟ್ ಓದಲ್ಲ. ಹೇಳದ ನಿಯಮವನ್ನು ಪಾಲಿಸು ಅನ್ನುವುದು ನ್ಯಾಯವಲ್ಲ ಅನ್ನೋ ತತ್ವ ಅಲ್ಲಿದೆ. ಅದೇ ರೀತಿ, ಆದೇಶವೇ ಇಲ್ಲದೆ ಯಾರೋ ನೆಟ್ಟ ಬೋರ್ಡಿಗೆ ಕಾನೂನಿನ ಬಲ ಕಡಿಮೆ.

ಎಷ್ಟು ಅಂತ ತೀರ್ಮಾನಿಸೋದು ಹೇಗೆ?

ಎಂಜಿನಿಯರುಗಳ ಹತ್ತಿರ ಒಂದು ಹಳೇ ವಿಧಾನ ಇದೆ. ರಸ್ತೆ ಖಾಲಿ ಇರುವಾಗ ನೂರು ವಾಹನಗಳ ವೇಗ ಅಳೆಯಿರಿ. ನಿಧಾನದ್ದರಿಂದ ಜೋರಿನದ್ದಕ್ಕೆ ಸಾಲಾಗಿ ನಿಲ್ಲಿಸಿ. 85ನೇ ವಾಹನದ ವೇಗ ಎಷ್ಟೋ ಅದರ ಆಸುಪಾಸಿನಲ್ಲಿ ಮಿತಿ ಇಡಿ. ಬಹುಪಾಲು ಚಾಲಕರು ತಲೆ ಇಟ್ಟುಕೊಂಡೇ ಓಡಿಸ್ತಾರೆ, ಮಿತಿ ಇರಬೇಕಾದ್ದು ಉಳಿದ ಕೆಲವರನ್ನು ಹಿಡಿಯೋಕೆ ಅನ್ನುವ ನಂಬಿಕೆ ಇದು.

ತರ್ಕ ಚೆನ್ನಾಗಿದೆ. ಆದರೆ ಇಲ್ಲಿ ಮತ ಹಾಕುವವರು ಗಾಡಿ ಓಡಿಸುವವರು ಮಾತ್ರ. ರಸ್ತೆ ದಾಟಲು ನಿಂತ ಅಜ್ಜಿಯನ್ನು, ಸೈಕಲ್ ತಳ್ಳಿಕೊಂಡು ಹೋಗುವ ಹುಡುಗಿಯನ್ನು, ಕುರಿ ಹೊಡೆದುಕೊಂಡು ಹೋಗುವವರನ್ನು ಯಾರೂ ಕೇಳಲಿಲ್ಲ. ರಸ್ತೆ ಅಗಲ ಮಾಡಿ ನುಣ್ಣಗೆ ಡಾಂಬರು ಹಾಕಿದ ತಕ್ಷಣ 85ನೇ ವಾಹನದ ವೇಗ ಏರುತ್ತದೆ. ಆ ಲೆಕ್ಕದಲ್ಲಿ ಮಿತಿಯೂ ಏರಬೇಕು! ರಸ್ತೆ ದಾಟುವ ಅಜ್ಜಿಯ ಕಾಲಿಗೆ ಮಾತ್ರ ಹೊಸ ಬಲ ಬಂದಿರಲ್ಲ.

ಇನ್ನೊಂದು ವಿಧಾನ ಮನುಷ್ಯನ ದೇಹದಿಂದ ಶುರು ಮಾಡುತ್ತದೆ. ಢಿಕ್ಕಿ ಆದರೂ ಜೀವ ಉಳಿಯುವ ವೇಗ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ, ಕಾರಿನ ಮುಂಭಾಗ ಬಡಿದಾಗ ಪಾದಚಾರಿ ಸಾಯುವ ಸಾಧ್ಯತೆ 50ರಿಂದ 65ಕ್ಕೆ ಬರುವಷ್ಟರಲ್ಲಿ ನಾಲ್ಕೂವರೆ ಪಟ್ಟು ಏರುತ್ತದೆ. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಪ್ರಾಣಾಂತಿಕ ಅಪಘಾತದ ಸಾಧ್ಯತೆ ಶೇ. 4ರಷ್ಟು ಹೆಚ್ಚುತ್ತದೆ. ಜನ ಮತ್ತು ವಾಹನ ಒಟ್ಟಿಗೆ ಓಡಾಡುವ ಜಾಗದಲ್ಲಿ ಮಿತಿ ಗಂಟೆಗೆ 30 ಕಿ.ಮೀ. ಇರಲಿ ಅಂತ 2020ರ ಫೆಬ್ರವರಿಯ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇದೇ ಕಾರಣಕ್ಕೆ.

ನಮ್ಮದೇ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡವೂ ಅದೇ ಕಡೆ ಬೆರಳು ತೋರಿಸುತ್ತದೆ. ಎದುರಿಗೆ ಏನೋ ಕಂಡು, ಬ್ರೇಕ್ ಒತ್ತಿ, ಗಾಡಿ ಪೂರ್ತಿ ನಿಲ್ಲಲು ಬೇಕಾದ ದೂರ 30 ಕಿ.ಮೀ. ವೇಗದಲ್ಲಿ 30 ಮೀಟರ್, 40ರಲ್ಲಿ 45, 60ರಲ್ಲಿ 80, 100ರಲ್ಲಿ 180 ಮೀಟರ್. ವೇಗ ದುಪ್ಪಟ್ಟಾದರೆ ದೂರ ದುಪ್ಪಟ್ಟಲ್ಲ, ಅದಕ್ಕಿಂತ ಜಾಸ್ತಿ. ಈ ಲೆಕ್ಕದಲ್ಲಿ ಕಣ್ಣಿಗೆ ಕಂಡಿದ್ದು ಕಾಲಿಗೆ ತಲುಪಲು ಎರಡೂವರೆ ಸೆಕೆಂಡು ಹಿಡಿಯಲಾಗಿದೆ. 70ರಲ್ಲಿ ಹೋಗುವ ಕಾರು ಆ ಎರಡೂವರೆ ಸೆಕೆಂಡಿನಲ್ಲೇ 48 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕು ಇನ್ನೂ ಹಿಡಿದೇ ಇಲ್ಲ.

ನಿಧಾನವಾದರೆ ಎಷ್ಟು ಹೊತ್ತು ಹೋಗುತ್ತೆ? ಎರಡು ಕಿಲೋಮೀಟರ್ ಪೇಟೆ ರಸ್ತೆಯನ್ನು 60ರಲ್ಲಿ ದಾಟಿದರೆ ಎರಡು ನಿಮಿಷ, 30ರಲ್ಲಿ ನಾಲ್ಕು ನಿಮಿಷ. ಜಗಳ ಇರೋದು ಆ ಎರಡು ನಿಮಿಷದ ಬಗ್ಗೆ.

ಹಂಪ್ಸ್ ಅನ್ನೋ ನಮ್ಮೂರಿನ ಕಾನೂನು

ಹೊಸದುರ್ಗದಿಂದ ಹೊಳಲ್ಕೆರೆ ಕಡೆ ಹೋಗಿ, ಹಿರಿಯೂರು ಕಡೆ ಹೋಗಿ, ಶ್ರೀರಾಂಪುರದ ಕಡೆ ಹೋಗಿ. ಊರು ಒಳಗಿರುತ್ತೆ, ಮುಖ್ಯರಸ್ತೆಯಲ್ಲಿ ಊರಿನ ಗೇಟು ಇರುತ್ತೆ. ಬಸ್ಸು ನಿಲ್ಲುವುದು, ಟೀ ಅಂಗಡಿ, ಹಾಲಿನ ಡೈರಿಗೆ ಕ್ಯಾನು ತರುವುದು, ಶಾಲೆ ಮಕ್ಕಳು ಕಾಯುವುದು ಎಲ್ಲ ಅಲ್ಲೇ. ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿ ಹರಡಿ ಒಕ್ಕಣೆಯೂ ಅದೇ ರಸ್ತೆ ಮೇಲೆ. ರಸ್ತೆ ಮೇಲೆ ಒಕ್ಕಣೆ ಮಾಡುವುದು ಅಪಾಯ, ಅದನ್ನು ಸಮರ್ಥಿಸುತ್ತಿಲ್ಲ. ಈ ರಸ್ತೆಗೆ ಬೇರೆ ಬದುಕೂ ಇದೆ ಅಂತ ಹೇಳ್ತಾ ಇದ್ದೀನಿ ಅಷ್ಟೇ.

ನಮ್ಮೂರ ಗೇಟಿನಲ್ಲಿ ಕೆಲವು ವರ್ಷದ ಹಿಂದೆ ಸಂಜೆ ಹೊತ್ತು ಬಸ್ಸಿಳಿದು ರಸ್ತೆ ದಾಟುತ್ತಿದ್ದ ಹಿರಿಯರೊಬ್ಬರಿಗೆ ಕಾರು ಬಡಿಯಿತು. ಅವರು ಉಳಿಯಲಿಲ್ಲ. ಮಾರನೇ ದಿನ ಊರಿನವರು ರಸ್ತೆಗೆ ಕಲ್ಲಿಟ್ಟು ಕೂತರು. ಮೂರನೇ ದಿನ ರಾತ್ರಿ ಜಲ್ಲಿ, ಮಣ್ಣು, ಸಿಮೆಂಟು ಸೇರಿಸಿ ಹಂಪ್ಸ್ ಹಾಕಿದರು. ನಾನೂ ಬಾಂಡ್ಲಿ ಹೊತ್ತಿದ್ದೆ. ಬಣ್ಣ ಇಲ್ಲ, ಬೋರ್ಡಿಲ್ಲ. ತಿಂಗಳೊಳಗೆ ಅದೇ ಹಂಪ್ಸ್ ಕಾಣದೆ ಬೈಕಿನಲ್ಲಿ ಬಂದ ಗಂಡ ಹೆಂಡತಿ ಬಿದ್ದರು. ಅವರ ಗಾಯಕ್ಕೆ ನಾವೂ ಹೊಣೆ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಹಂಪ್ಸಿಗೂ ಅಳತೆ ಇದೆ. ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಬಣ್ಣದ ಪಟ್ಟೆ, ಮುಂಚೆಯೇ ಎಚ್ಚರಿಕೆ ಬೋರ್ಡು ಬೇಕು. ನಾವು ಹಾಕಿದ್ದಕ್ಕೆ ಎತ್ತರ ಮಾತ್ರ ಇತ್ತು.

ಆದರೆ ಆ ರಾತ್ರಿ ನಾವು ಮಾಡಿದ್ದೇನು ಅಂತ ಈಗ ಯೋಚಿಸಿದರೆ, ಸರ್ಕಾರ ಗೊತ್ತುಮಾಡದ ವೇಗಮಿತಿಯನ್ನು ನಾವು ಜಲ್ಲಿಯಲ್ಲಿ ಬರೆದಿದ್ದೆವು. ಹಂಪ್ಸ್ ಹಾಕುವವರನ್ನು ಅನಾಗರಿಕರು ಅನ್ನುವ ಮುಂಚೆ, ಅವರಿಗೆ ಬೇರೆ ದಾರಿ ಯಾರು ತೋರಿಸಿದ್ದರು ಅಂತ ಕೇಳಬೇಕು.

ಹೇಳೋದು ಅಂದ್ರೆ ಏನು?

ಕೆಂಪು ವೃತ್ತ, ಒಳಗೆ ಬಿಳಿ, ಮಧ್ಯೆ ಕಪ್ಪು ಅಂಕಿ. ಕಡ್ಡಾಯ ವೇಗಮಿತಿಯ ಬೋರ್ಡು ಅಂದರೆ ಇದು. ಎಲ್‌ಎಲ್ ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡಿರ್ತೀವಿ. ಆದರೆ ಆ ಪರೀಕ್ಷೆಗೆ ಓದುವಾಗ ನಾನು ಕಲಿತಿದ್ದು ಚಿಹ್ನೆಯ ಅರ್ಥ ಮಾತ್ರ. ಬೋರ್ಡೇ ಇಲ್ಲದ ರಸ್ತೆಯಲ್ಲಿ ನನ್ನ ಗಾಡಿಗೆ ಎಷ್ಟು ಮಿತಿ ಅನ್ನುವುದನ್ನು ಕಲಿಯಲೇ ಇಲ್ಲ. ನಮ್ಮ ತಾಲ್ಲೂಕಿನಲ್ಲಿ ಓಡಾಡುವಾಗ ನನಗೆ ಸಿಗುವುದು ಬಹುಪಾಲು ಅಂಥ ರಸ್ತೆಗಳೇ.

ಕ್ಯಾಮೆರಾ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಾವಳಿಗೆ 2021ರಲ್ಲಿ ಸೇರಿಸಿದ 167(ಎ) ನಿಯಮದ ಪ್ರಕಾರ, ಕ್ಯಾಮೆರಾ ಇರುವ ಕಡೆ ಮುಂಚಿತವಾಗಿ ಎದ್ದು ಕಾಣುವ ಎಚ್ಚರಿಕೆ ಫಲಕ ಇರಬೇಕು. ಉಪಕರಣಕ್ಕೆ ಪ್ರಮಾಣಪತ್ರ ಇರಬೇಕು, ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಉಲ್ಲಂಘನೆ ಆದ 15 ದಿನದೊಳಗೆ ನೋಟಿಸು ಕಳಿಸಬೇಕು. 183ನೇ ಕಲಮು ಇನ್ನೊಂದು ರಕ್ಷಣೆ ಕೊಡುತ್ತದೆ: ಯಂತ್ರದ ಅಳತೆ ಇಲ್ಲದೆ, ಒಬ್ಬ ಸಾಕ್ಷಿ "ಜೋರಾಗಿ ಹೋಗ್ತಿದ್ದ" ಅಂದ ಮಾತ್ರಕ್ಕೆ ಅತಿವೇಗದ ಶಿಕ್ಷೆ ಕೊಡುವಂತಿಲ್ಲ.

ಈ ಎಲ್ಲ ನಿಯಮ ದಂಡ ಹಾಕುವ ಹೊತ್ತಿಗೆ ಬರುತ್ತವೆ. ಮುಂಚೆ ಹೇಳಬೇಕಾದ ಮಾತು ಇನ್ನೂ ಬಾಕಿ ಇದೆ. "ಮುಂದೆ ಶಾಲೆ ಇದೆ, 300 ಮೀಟರ್ ವರೆಗೆ 30" ಅಂತ ಕನ್ನಡದಲ್ಲಿ ಕಾರಣ ಸಮೇತ ಬರೆದರೆ ಓಡಿಸುವವನಿಗೆ ಅರ್ಥ ಆಗುತ್ತದೆ. ಬರೀ 30 ಅಂತ ನೆಟ್ಟು, ಅದು ಎಲ್ಲಿ ಮುಗಿಯುತ್ತದೆ ಅಂತಲೂ ಹೇಳದಿದ್ದರೆ ಜನ ಅದನ್ನು ನಂಬುವುದಿಲ್ಲ. ಒಂದು ಬೋರ್ಡನ್ನು ನಂಬದವನು ಮುಂದಿನ ಹತ್ತನ್ನೂ ನಂಬುವುದಿಲ್ಲ.

ತಪ್ಪು ಕಾಲಿನದ್ದೋ, ಟೈಮಿಂಗಿನದ್ದೋ?

ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ಪ್ರಕಾರ ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ. 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತ ದಾಖಲಾಗಿದೆ. ಈ ಅಂಕಿ ಪೊಲೀಸ್ ದಾಖಲೆಗಳಿಂದ ಬಂದದ್ದು. ಅತಿವೇಗ ಅಂತ ಬರೆದರೆ ತಪ್ಪು ಡ್ರೈವರಿನದ್ದು, ಫೈಲು ಮುಗಿಯಿತು. ತಿರುವಿನಲ್ಲಿ ಬೋರ್ಡಿತ್ತಾ, ಅಲ್ಲಿ ಮಿತಿ ಎಷ್ಟಿತ್ತು, ದೀಪ ಇತ್ತಾ ಅನ್ನುವ ಪ್ರಶ್ನೆಗಳು ಆ ಒಂದು ಪದದ ಕೆಳಗೆ ಮುಚ್ಚಿಹೋಗುತ್ತವೆ.

ಚಿಕ್ಕಪ್ಪನನ್ನ ಕೇಳಿದೆ, ಯಾಕೆ ಅಷ್ಟು ಜೋರು ಓಡಿಸ್ತಾರೆ ಬಸ್ಸಿನೋರು ಅಂತ. "ನಮ್ಮ ಹಿಂದೆ ಹತ್ತು ನಿಮಿಷಕ್ಕೆ ಇನ್ನೊಂದು ಬಸ್ಸು. ಸ್ಟ್ಯಾಂಡಲ್ಲಿ ಎರಡು ನಿಮಿಷ ಲೇಟಾದ್ರೆ ಪ್ಯಾಸೆಂಜರ್‌ನೆಲ್ಲ ಅವನು ಎತ್ಕಂಡು ಹೋಗ್ತಾನೆ. ಸಂಜೆ ಕಲೆಕ್ಷನ್ ಕಮ್ಮಿ ಆದ್ರೆ ಓನರ್ ಯಾರನ್ನ ಕೇಳ್ತಾನೆ?"

ಇದಕ್ಕೆ ಕಾಯ್ದೆಯಲ್ಲೇ ಉತ್ತರ ಇದೆ ಅಂದಾಗ ಅವರು ನಂಬಲಿಲ್ಲ. 183ನೇ ಕಲಮು ಜೋರಾಗಿ ಓಡಿಸಿದವನ ಜೊತೆಗೆ, ತನ್ನ ಕೆಲಸಗಾರನಿಂದ ಹಾಗೆ ಓಡಿಸಿದವನಿಗೂ ಅನ್ವಯಿಸುತ್ತದೆ. ದಂಡ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಬಸ್ಸು ಲಾರಿಯಂಥ ದೊಡ್ಡ ವಾಹನಕ್ಕೆ 2,000ದಿಂದ 4,000. ಮಿತಿ ಮೀರದೆ ತಲುಪಲು ಸಾಧ್ಯವೇ ಇಲ್ಲದ ವೇಳಾಪಟ್ಟಿ ಹೊರಡಿಸಿದರೆ, ಆ ವೇಳಾಪಟ್ಟಿಯೇ ಅದನ್ನು ಹೊರಡಿಸಿದವರ ವಿರುದ್ಧ ಮೇಲ್ನೋಟದ ಸಾಕ್ಷ್ಯ. ಬೆಂಗಳೂರಿನಲ್ಲಿ ಊಟದ ಡಬ್ಬ ಹೊತ್ತು ಓಡುವ ನಮ್ಮೂರ ಹುಡುಗರೂ ಈ ಕಲಮನ್ನು ಓದಬೇಕು.

ಇನ್ನೊಂದು ಸೂಕ್ಷ್ಮ ನೋಡಿ. ಜಿಲ್ಲೆಯ ಬಸ್ಸುಗಳಿಗೆ ಪರ್ಮಿಟ್ಟು, ಟೈಮಿಂಗು ನೋಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಅವರೇ ಅಧ್ಯಕ್ಷರು. ಅಂದರೆ ಬಸ್ಸಿನ ಟೈಮಿಂಗೂ ಗೇಟಿನ ವೇಗಮಿತಿಯೂ ಒಂದೇ ಮೇಜಿನ ಮೇಲೆ ಬರುವ ಫೈಲುಗಳು.

ರಸ್ತೆ ಮಾಡಿದವರ ಮೇಲೂ ಹೊಣೆ ಇದೆ. 2019ರ ತಿದ್ದುಪಡಿಯಲ್ಲಿ ಬಂದ 198(ಎ) ಕಲಮಿನ ಪ್ರಕಾರ, ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಮೈಸೂರು ಹೆದ್ದಾರಿಯ ಪಾಠ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರಲ್ಲಿ ಸಾವುಗಳು ಸುದ್ದಿಯಾದಾಗ ಎರಡು ಕೆಲಸ ಆಯ್ತು. ಪೊಲೀಸರು ರಾಡಾರ್ ಗನ್ ಹಿಡಿದು ನಿಂತು ನೂರರ ಮಿತಿ ಜಾರಿ ಮಾಡಿದರು, ಆಮೇಲೆ ಕ್ಯಾಮೆರಾ ಬಂದವು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟು ಸರ್ವಿಸ್ ರಸ್ತೆಗೆ ಕಳಿಸಿದರು. ವೇಗದ ಅಂತರ ದೊಡ್ಡದಿದ್ದರೆ ಅಪಾಯ ಅನ್ನುವುದು ನಿಜ. ಆದರೆ ಆ ಅಂತರ ತೆಗೆಯಲು ಜಾಗ ಬಿಟ್ಟುಕೊಟ್ಟವರು ಯಾರು ಅಂತಲೂ ನೋಡಬೇಕು.

ಒಪ್ಪಲೇಬೇಕಾದ ಮಾತೊಂದಿದೆ: ಅಲ್ಲಿ ಸರ್ಕಾರ ಮಿತಿಯನ್ನು ಹೇಳಿತು, ಅಳೆಯಿತು, ಹಿಡಿಯಿತು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಎಲ್ಲೇ 130 ದಾಟಿದರೂ ಎಫ್‌ಐಆರ್ ಅಂತ ಆಗಿನ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಅಲೋಕ್ ಕುಮಾರ್ ಪ್ರಕಟಿಸಿದಾಗ ಎಲ್ಲ ಚಾನೆಲ್ಲುಗಳಲ್ಲೂ ಬಂತು. 130ರ ಸುದ್ದಿ ಎಲ್ಲರಿಗೂ ಗೊತ್ತು. ನಮ್ಮ ಗೇಟಿನಲ್ಲಿ ಜೀವ ತೆಗೆಯಲು 60 ಸಾಕು, ಆ ಸುದ್ದಿ ಯಾರೂ ಮಾಡಲ್ಲ.

ನಾವು ಕೇಳಬೇಕಾದ್ದು

ನನ್ನ ವಾದ ಇಷ್ಟೇ. ದಂಡ ಬೇಡ ಅನ್ನುತ್ತಿಲ್ಲ. ದಂಡದಷ್ಟೇ ಶಿಸ್ತಿನಿಂದ ಮಿತಿಯನ್ನು ಗೊತ್ತುಮಾಡಿ, ಕಾರಣ ಹೇಳಿ ಅನ್ನುತ್ತಿದ್ದೇನೆ. ಅದಕ್ಕೆ ದೊಡ್ಡ ಚಳವಳಿಯೇ ಬೇಕಾಗಿಲ್ಲ. ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ನಾಲ್ಕು ಪ್ರಶ್ನೆ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು.

ಒಂದು, ನಮ್ಮ ತಾಲ್ಲೂಕಿನ ಯಾವ ಯಾವ ರಸ್ತೆಗೆ 112ನೇ ಕಲಮಿನಡಿ ಕಡಿಮೆ ಮಿತಿ ಗೊತ್ತುಮಾಡಿದ ಆದೇಶ ಇದೆ? ಪ್ರತಿ ಕೊಡಿ. ಎರಡು, ಆ ಆದೇಶದ ಪ್ರಕಾರ ಬೋರ್ಡುಗಳನ್ನು ಎಲ್ಲೆಲ್ಲಿ ಹಾಕಿದ್ದೀರಿ? ಮೂರು, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಕಳೆದ ಸಭೆಗಳ ನಡಾವಳಿ ಕೊಡಿ. ನಾಲ್ಕು, ಶಾಲೆ ಮುಂದಿನ ಹಂಪ್ಸ್‌ಗಳಲ್ಲಿ ಅಳತೆ ಪ್ರಕಾರ ಇರುವುದು ಎಷ್ಟು?

ನಾನು ನಮ್ಮ ಗೇಟಿನ ಬಗ್ಗೆ ಅರ್ಜಿ ಬರೆದಿದ್ದೇನೆ. ಚಿಕ್ಕಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಐದನೇದು ಸೇರಿಸು" ಅಂದ್ರು. "ನಮ್ಮ ರೂಟಿನ ಟೈಮಿಂಗ್ ಯಾರು ಯಾವ ಲೆಕ್ಕದಲ್ಲಿ ಮಾಡಿದ್ರು ಅಂತ ಕೇಳು."

ಸೇರಿಸಿದ್ದೇನೆ.